ಮೊಂತಿ ಹಬ್ಬದ ಹೊಸ ಅಕ್ಕಿ ಊಟ: ಮನೆಮಂದಿಯೆಲ್ಲ ಕೂಡಿ ದೇವರಿಗೆ ಕೃತಜ್ಞತೆ ಹೇಳುವುದು ಹೇಗೆ?

ಆಗಸ್ಟ್ ಮುಗಿಯುತ್ತಾ ಬಂತೆಂದರೆ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಎರಡು ಪ್ರಶ್ನೆ ಕೇಳಿಬರುತ್ತವೆ. ‘ಈ ಸಲ ಎಷ್ಟು ಬಗೆ ಪದಾರ್ಥ ಮಾಡುವುದು, ಐದಾ ಏಳಾ?’ ಇದು ಅಡುಗೆಮನೆಯಿಂದ. ‘ಬೊಂಬಾಯಿಯವರು ಬರ್ತಾರಂತಾ?’ ಇದು ಜಗಲಿಯಿಂದ. ಸೆಪ್ಟೆಂಬರ್ 8 ನಮಗೆ ಮಾತೆ ಮರಿಯಮ್ಮನವರ ಹುಟ್ಟಿದ ದಿನ. ಹೊಸ ತೆನೆ ಮನೆಗೆ ಬರುವ ದಿನವೂ ಅದೇ. ಮನೆಮಂದಿ ಒಂದೇ ಸಾಲಿನಲ್ಲಿ ಕೂತು ಬಾಳೆಲೆಯಲ್ಲಿ ಉಣ್ಣುವ ದಿನವೂ ಅದೇ.

ಊಟ ಇವತ್ತಿಗೂ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಊಟದ ಮುಂಚಿನ ಪ್ರಾರ್ಥನೆ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ. ‘ಎಲ್ಲದಕ್ಕೂ ಸ್ತೋತ್ರ ದೇವರೇ’ ಅಂದು ಎಲೆಯ ಮುಂದೆ ಕೂತುಬಿಡುತ್ತೇವೆ. ಎಲ್ಲದಕ್ಕೂ ಅಂದರೆ ಯಾವುದಕ್ಕೆ? ನನ್ನ ಮಗಳು ಏಳು ವರ್ಷದವಳಿದ್ದಾಗ ಇದನ್ನೇ ಕೇಳಿದಳು. ಉತ್ತರ ಕೊಡಲು ನನಗೆ ತುಂಬ ಹೊತ್ತು ಹಿಡಿಯಿತು. ಆ ವರ್ಷದಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಈ ಹಬ್ಬದಲ್ಲಿ ಕೃತಜ್ಞತೆಯನ್ನು ಹೆಸರು ಹಿಡಿದು ಹೇಳಬೇಕು. ಯಾವ ಮಳೆಗೆ, ಯಾರ ಕೈಗೆ, ಯಾವ ದಿನಕ್ಕೆ ಅಂತ. ಈ ಬರಹದಲ್ಲಿರುವ ಎಲ್ಲ ಹಂತಗಳೂ ಆ ಒಂದು ನಿಯಮದಿಂದಲೇ ಹುಟ್ಟಿದವು.

ಮೊದಲು, ಹಬ್ಬದ ಬಗ್ಗೆ ನಾಲ್ಕು ಮಾತು

ಮಕ್ಕಳು ಕೇಳಿದರೆ ಹೇಳಲು ಇಷ್ಟು ಗೊತ್ತಿರಲಿ. ಕೊಂಕಣಿಯಲ್ಲಿ ಇದು ಮೊಂತಿ ಫೆಸ್ತ್. ಹೊಸ ಅಕ್ಕಿಯ ಊಟಕ್ಕೆ ನವೆಂ ಜೆವಣ್ ಅನ್ನುತ್ತಾರೆ. ಮಂಗಳೂರಿನಿಂದ ಸ್ವಲ್ಪ ದೂರದ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಡದ ಮೊಂತೆ ಮರಿಯಾನೊ ಇಗರ್ಜಿಯಿಂದ (ಚರ್ಚಿನಿಂದ) ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಗೋವಾ ಮೂಲದ ಫಾದರ್ ಜೋಕಿಂ ಮಿರಾಂದ 1763ರಲ್ಲಿ ಅಲ್ಲಿ ಈ ಹಬ್ಬ ಶುರು ಮಾಡಿದರು ಎಂಬುದು ನಮ್ಮ ಜನ ಹೇಳಿಕೊಂಡು ಬಂದ ಮಾತು. ಡಿಸೆಂಬರ್ 8 ಮರಿಯಮ್ಮನವರ ಅಮಲೋದ್ಭವದ ಹಬ್ಬ, ಅಂದರೆ ಅವರು ತಾಯಿಯ ಗರ್ಭದಲ್ಲಿ ಪಾಪದ ಸೋಂಕಿಲ್ಲದೆ ರೂಪುಗೊಂಡದ್ದನ್ನು ನೆನೆಯುವ ದಿನ. ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8 ಬರುತ್ತದೆ. ಮಕ್ಕಳಿಗೆ ಈ ಲೆಕ್ಕ ತುಂಬ ಇಷ್ಟ.

ಹೊಸ ಬೆಳೆಯನ್ನು ಮೊದಲು ದೇವರಿಗೆ ಕೊಟ್ಟು ಆಮೇಲೆ ತಿನ್ನುವುದು ಬೈಬಲ್‌ನಷ್ಟೇ ಹಳೆಯ ಪದ್ಧತಿ. ಯಾಜಕಕಾಂಡ 23ರಲ್ಲಿ, ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ತನಕ ರೊಟ್ಟಿಯಾಗಲಿ ಹುರಿದ ಕಾಳಾಗಲಿ ಹಸಿ ತೆನೆಯಾಗಲಿ ತಿನ್ನಬೇಡಿ ಎಂದಿದೆ. ತುಳುನಾಡಿನ ಹಿಂದೂ ಮನೆಗಳಲ್ಲೂ ಕುರಲ್ (ತೆನೆ) ಕಟ್ಟುತ್ತಾರೆ, ಪುದ್ದರ್ (ಹೊಸ ಅಕ್ಕಿ ಊಟ) ಉಣ್ಣುತ್ತಾರೆ. ಒಂದೇ ಮಳೆ, ಒಂದೇ ಗದ್ದೆ ಅಲ್ವಾ.

ಮೇ ತಿಂಗಳು: ಒಂದು ಬಕೆಟ್ ಭತ್ತ

ಹಬ್ಬ ಸೆಪ್ಟೆಂಬರಿನಲ್ಲಿ, ನಾನು ಮೇ ತಿಂಗಳಿಂದ ಶುರು ಮಾಡುತ್ತಿದ್ದೇನೆ. ಕಾರಣ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಈಗ ಗದ್ದೆ ಇಲ್ಲ. ಇದ್ದ ಗದ್ದೆಯಲ್ಲಿ ಅಡಿಕೆ ಬಂತು, ಇಲ್ಲವೇ ಬೇಸಾಯ ನಿಂತು ಹಡಿಲು ಬಿತ್ತು. ಬೆಳೆಯದವನಿಗೆ ಬೆಳೆಯ ಕೃತಜ್ಞತೆ ಬಾಯಿಮಾತಾಗುತ್ತದೆ. ಒಂದು ಬಕೆಟ್ ಭತ್ತ ಬೆಳೆದು ನೋಡಿ. ಮಳೆ ತಡವಾದ ದಿನ ಆಕಾಶ ನೋಡುವುದು ತಾನಾಗಿ ಅಭ್ಯಾಸವಾಗುತ್ತದೆ.

ಮಾಡುವ ಕ್ರಮ ಸುಲಭ. ತೂತಿಲ್ಲದ 15–20 ಲೀಟರಿನ ಹಳೆಯ ಬಕೆಟ್ ಸಾಕು. ಮುಕ್ಕಾಲು ಭಾಗ ಗದ್ದೆ ಮಣ್ಣು ಅಥವಾ ಅಂಟು ಮಣ್ಣು, ಜೊತೆಗೆ ಎರಡು ಹಿಡಿ ಹಟ್ಟಿಗೊಬ್ಬರ. ಪರಿಚಯದ ಕೃಷಿಕರ ಹತ್ತಿರ ಒಂದು ಹಿಡಿ ಬೀಜದ ಭತ್ತ ಕೇಳಿ. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಿ. ಬಿಳಿ ಮೊಳಕೆ ಮೂಗು ತೋರಿಸಿದ ಮೇಲೆ ಬಿತ್ತಿ. ಸಸಿ ಗೇಣುದ್ದ ಆದಾಗ ನಾಲ್ಕೈದು ಗಟ್ಟಿ ಗಿಡ ಮಾತ್ರ ಉಳಿಸಿ. ಆಮೇಲೆ ಎರಡು ಬೆರಳಿನಷ್ಟು ನೀರು ಸದಾ ನಿಂತಿರಲಿ. ಬಿಸಿಲು ಬೀಳುವ ಜಾಗ ಬೇಕೇ ಬೇಕು.

ದಿನಗಳ ಲೆಕ್ಕವೇ ಇಲ್ಲಿ ಮುಖ್ಯ. ನಮ್ಮ ಕಡೆ ಜಾಸ್ತಿ ಬೆಳೆಯುವ ಎಂಒ4 ತಳಿ ಕೊಯ್ಲಿಗೆ ಬರಲು ಸುಮಾರು 130 ದಿನ ಬೇಕು. ಜೂನ್ ಮಳೆಗೆ ಬಿತ್ತಿದ ಏಣೆಲು (ಮಳೆಗಾಲದ) ಬೆಳೆ ಸೆಪ್ಟೆಂಬರ್ 8ಕ್ಕೆ ಇನ್ನೂ ಹೊಡೆಯಲ್ಲೇ ಇರುತ್ತದೆ, ತೆನೆ ಹೊರಗೆ ಬಂದಿರುವುದಿಲ್ಲ. ಅದಕ್ಕೇ ಇಗರ್ಜಿಗೆ ತೆನೆ ಕೊಡುವ ಮನೆಯವರು ಬೇಗ ಬಿತ್ತುತ್ತಾರೆ. ನೀವೂ ಮೇ 15ರ ಆಸುಪಾಸಿನಲ್ಲಿ ಬಿತ್ತಿದರೆ ಹಬ್ಬದ ಹೊತ್ತಿಗೆ ಕಾಳು ಹಾಲು ಬಿಟ್ಟು ಗಟ್ಟಿಯಾಗುತ್ತಾ ಇರುತ್ತದೆ. ತೆನೆ ಬಂದ ಮೇಲೆ ಹಳೆಯ ಬಲೆ ಮುಚ್ಚಿ, ಹಕ್ಕಿಗಳು ಬಿಡುವುದಿಲ್ಲ.

ಮೊದಲ ವರ್ಷ ನಮ್ಮ ಬಕೆಟಿನಲ್ಲಿ ಬಂದದ್ದು ಹನ್ನೊಂದು ತೆನೆ. ಮಗಳು ದಿನಾ ಎಣಿಸುತ್ತಿದ್ದಳು. ಒಂದು ಸಂಜೆ ಜೋರು ಮಳೆಗೆ ಅದರಲ್ಲಿ ಎರಡು ಮುರಿದು ಬಿದ್ದವು. ಆ ರಾತ್ರಿ ಊಟಕ್ಕೆ ಮೊದಲು ಅವಳು ತಾನಾಗಿಯೇ ಪ್ರಾರ್ಥನೆ ಮಾಡಿದಳು, ಉಳಿದ ಒಂಬತ್ತಕ್ಕೆ. ನಾನು ಹತ್ತು ವರ್ಷ ಪಾಠ ಹೇಳಿದ್ದರೂ ಅವಳಿಗೆ ಅಷ್ಟು ಕಲಿಸಲು ಆಗುತ್ತಿರಲಿಲ್ಲ.

ಆಗಸ್ಟ್ 30ರಿಂದ: ಒಂಬತ್ತು ದಿನ, ಒಂಬತ್ತು ಹೆಸರು

ಆಗಸ್ಟ್ 30ರಿಂದ ಸೆಪ್ಟೆಂಬರ್ 7ರ ತನಕ ಇಗರ್ಜಿಯಲ್ಲಿ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ಮಕ್ಕಳು ತಟ್ಟೆಯಲ್ಲಿ, ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಮಳೆಗಾಲದ ಕೊನೆ. ಬೇಲಿ ಬದಿಯಲ್ಲಿ ಗೋರಂಟಿ, ದಾಸವಾಳ, ಗುಡ್ಡದಲ್ಲಿ ಕೇಪುಳ, ಬೇಕಾದಷ್ಟು ಹೂ. ಅಂಗಡಿ ಹೂವಿಗಿಂತ ಮಕ್ಕಳು ತಾವೇ ಕೊಯ್ದ ಹೂ ಒಳ್ಳೆಯದು. ಕೈ ಒದ್ದೆಯಾಗಲಿ, ಕೆಸರಾಗಲಿ.

ಇದರ ಜೊತೆ ಮನೆಯಲ್ಲಿ ಒಂದು ಕೆಲಸ ಸೇರಿಸಿ. ದಿನಾ ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಒಬ್ಬರ ಹೆಸರು ಹೇಳಬೇಕು. ಈ ವರ್ಷ ನಮಗೆ ಒಳ್ಳೆಯದು ಮಾಡಿದ ಒಬ್ಬರು. ಮನೆಯವರಲ್ಲ, ಹೊರಗಿನವರು. ಅಮ್ಮನಿಗೆ ರಕ್ತ ಕೊಟ್ಟ ಹುಡುಗ. ಮಗನಿಗೆ ಲೆಕ್ಕ ಹೇಳಿಕೊಟ್ಟ ಟೀಚರ್. ಬಾವಿಗೆ ಬಿದ್ದ ಕರು ಎತ್ತಿಕೊಟ್ಟ ಪಕ್ಕದ ಮನೆಯವರು. ಹೆಸರು ಬಂದ ಮೇಲೆ ಆ ವ್ಯಕ್ತಿಗಾಗಿ ಒಂದು ನಮೋ ಮರಿಯಾ. ಮರುದಿನ ಅವರಿಗೆ ಒಂದು ಫೋನ್, ಅಥವಾ ಮನೆಗೆ ಹೋಗಿ ಎರಡು ನಿಮಿಷದ ಮಾತು.

ಫೋನ್ ಮಾಡಿ ಏನು ಹೇಳುವುದು ಎಂದು ತಡೆಯುತ್ತದೆ, ನಿಜ. ನಮ್ಮ ಭಾಷೆಗಳಲ್ಲಿ ‘ಧನ್ಯವಾದ’ ಎಂಬುದು ಸಭೆಯ ಮಾತು. ಮನೆಯ ಮಾತಲ್ಲ. ಅಮ್ಮ ಗಂಜಿ ಬಡಿಸಿದಾಗ ಧನ್ಯವಾದ ಅಂದರೆ ಅವಳಿಗೇ ಬೇಸರ. ಆದರೆ ಕೊಂಕಣಿಯಲ್ಲಿ ಹಿರಿಯರು ಹೇಳುವ ಒಂದು ಮಾತಿದೆ: ‘ದೇವ್ ಬರೆಂ ಕರುಂ’. ದೇವರು ಒಳ್ಳೆಯದು ಮಾಡಲಿ ಅಂತ. ನಿನ್ನ ಋಣ ನನ್ನಿಂದ ತೀರುವುದಿಲ್ಲ, ದೇವರೇ ತೀರಿಸಲಿ ಎಂಬ ಅರ್ಥ ಅದರಲ್ಲಿ ಬಂತು. ಮನುಷ್ಯನಿಗೆ ಹೇಳಿದ ಕೃತಜ್ಞತೆಯೂ ಆಯಿತು, ದೇವರಿಗೆ ಮಾಡಿದ ಪ್ರಾರ್ಥನೆಯೂ ಆಯಿತು. ಫೋನಿನಲ್ಲಿ ಸುಮ್ನೆ ಹೀಗೆ ಹೇಳಿ: ‘ಜೂನ್ ತಿಂಗಳಲ್ಲಿ ನೀವು ನಮ್ಮ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕೂತಿದ್ದಿರಲ್ಲ, ನಿನ್ನೆ ಮನೆಯಲ್ಲಿ ನೆನಪು ಮಾಡಿಕೊಂಡೆವು. ದೇವರು ನಿಮಗೆ ಒಳ್ಳೆಯದು ಮಾಡಲಿ.’ ಅಷ್ಟೇ ಸಾಕು. ಮುಂದೆ ಮಾತು ತಾನೇ ಬರುತ್ತದೆ.

ಲೂಕ 17ರಲ್ಲಿ ಯೇಸುವಿನಿಂದ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು, ಕೃತಜ್ಞತೆ ಹೇಳಲು ಒಬ್ಬ ಮಾತ್ರ ತಿರುಗಿ ಬಂದ. ಉಳಿದ ಒಂಬತ್ತು ಮಂದಿ ಕೆಟ್ಟವರು ಎಂದು ಅಲ್ಲಿ ಬರೆದಿಲ್ಲ. ಅವರು ದಾರಿ ಹಿಡಿದು ಹೋಗುತ್ತಾ ಇದ್ದರು ಅಷ್ಟೇ. ನಾವೂ ಹಾಗೇ. ಈ ಒಂಬತ್ತು ದಿನ ತಿರುಗಿ ನಡೆಯಲು ಸಿಕ್ಕ ದಿನಗಳು.

ಮನೆಯ ಕತೆ ಬರೆಯುವುದು

ಎಲ್ಲ ಹಂತಗಳಲ್ಲಿ ನನಗೆ ಇದು ಅತಿ ಮುಖ್ಯ. ಬೇರೆ ಯಾವುದಕ್ಕೂ ಸಮಯ ಸಿಗದಿದ್ದರೂ ಇದೊಂದನ್ನು ಮಾಡಿ.

ಧರ್ಮೋಪದೇಶಕಾಂಡ 26ನೇ ಅಧ್ಯಾಯ ತೆಗೆಯಿರಿ. ಮೊದಲ ಬೆಳೆಯನ್ನು ಬುಟ್ಟಿಯಲ್ಲಿಟ್ಟು ಯಾಜಕನ ಕೈಗೆ ಕೊಡಬೇಕು ಎಂದಿದೆ. ಕೊಟ್ಟು ಸುಮ್ಮನೆ ಬರುವ ಹಾಗಿಲ್ಲ. ರೈತ ಬಾಯಿಬಿಟ್ಟು ಒಂದು ಕತೆ ಹೇಳಬೇಕು. ನಮ್ಮ ಮೂಲಪುರುಷ ಅಲೆಮಾರಿಯಾಗಿದ್ದ, ನಾವು ಈಜಿಪ್ಟಿನಲ್ಲಿ ದಾಸರಾಗಿದ್ದೆವು, ಕೂಗಿಕೊಂಡೆವು, ದೇವರು ಕೇಳಿಸಿಕೊಂಡ, ಈ ನೆಲ ಕೊಟ್ಟ, ಇಗೋ ಇದರ ಮೊದಲ ಫಲ. ಎಂಥ ಸೊಗಸಾದ ಕ್ರಮ ನೋಡಿ. ಎಲ್ಲಿಂದ ಬಂದೆವು ಎಂದು ಹೇಳದೆ ಏನು ಸಿಕ್ಕಿತು ಎಂದು ಹೇಳಲು ಆಗುವುದಿಲ್ಲ.

ನಿಮ್ಮ ಮನೆಗೂ ಇಂಥದೊಂದು ಕತೆ ಇದೆ. ಅದನ್ನು ಒಂದು ಪುಟದಲ್ಲಿ ಬರೆದಿಡಿ. ಬರೆಯುವ ಮೊದಲು ಮನೆಯ ಹಿರಿಯರ ಹತ್ತಿರ ಒಂದು ಸಂಜೆ ಕೂತುಕೊಳ್ಳಿ. ‘ನಮ್ಮ ಇತಿಹಾಸ ಹೇಳಿ’ ಅಂದರೆ ಅವರಿಗೆ ಏನೂ ತೋಚುವುದಿಲ್ಲ. ಸಣ್ಣ ಪ್ರಶ್ನೆ ಕೇಳಿ. ಅಜ್ಜಿ, ನೀವು ಮದುವೆಯಾಗಿ ಬಂದಾಗ ಈ ಮನೆಗೆ ಹಂಚಿತ್ತಾ, ಮುಳಿಹುಲ್ಲಾ? ಮಳೆಗಾಲದಲ್ಲಿ ಅಕ್ಕಿ ಮುಗಿದರೆ ಯಾರ ಮನೆಗೆ ಹೋಗುತ್ತಿದ್ದಿರಿ? ಮೊದಲು ಕರೆಂಟ್ ಬಂದ ರಾತ್ರಿ ನೆನಪಿದೆಯಾ? ಬೊಂಬಾಯಿಗೆ ಮೊದಲು ಹೋದವರು ಯಾರು? ಬಸ್ಸಿನ ದುಡ್ಡು ಯಾರು ಕೊಟ್ಟರು?

ನಮ್ಮ ಮನೆಯ ಪುಟ ಹೀಗೆ ಶುರುವಾಗುತ್ತದೆ: ‘ನಮ್ಮ ಅಜ್ಜ ಗೇಣಿ ಒಕ್ಕಲು. ಬೆಳೆದ ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊರುತ್ತಿದ್ದರು. ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಮನೆಯಲ್ಲಿ ಗಂಜಿಗಿಂತ ತಿಳಿಯೇ ಜಾಸ್ತಿ. ಹಲಸಿನ ಬೀಜ, ಕೆಸು ತಿಂದು ಮಕ್ಕಳು ಬೆಳೆದರು. 1974ರಲ್ಲಿ ಭೂಸುಧಾರಣೆ ಬಂತು. ಈ ನೆಲ ಉಳುವವನು ನಾನು ಎಂದು ಅಜ್ಜ ಡಿಕ್ಲರೇಶನ್ ಕೊಟ್ಟರು. ಉತ್ತ ನೆಲ ನಮ್ಮದಾಯಿತು. ಮೊದಲ ಸಲ ತೆನೆ ಕೊಯ್ದಾಗ ಅಜ್ಜ ಗದ್ದೆಯ ಹುಣಿಯಲ್ಲಿ ಕೂತು ಅತ್ತರಂತೆ.’ ಇದನ್ನು ಓದುವಾಗ ಯಾರೂ ಫೋನ್ ನೋಡುವುದಿಲ್ಲ.

ಹಿಂದಕ್ಕೆ ಹೋಗಬೇಕೆಂದರೆ ಸಮುದಾಯದ ಕತೆಯನ್ನೂ ಒಂದೆರಡು ಸಾಲಿನಲ್ಲಿ ಸೇರಿಸಬಹುದು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. 1799ರ ನಂತರ ಬದುಕಿ ಉಳಿದವರು ತಿರುಗಿ ಬಂದರು, ಬರಿಗೈಯಲ್ಲಿ ಮತ್ತೆ ಗದ್ದೆ ಹೂಡಿದರು. ಯಾರ ಮೇಲೂ ಸಿಟ್ಟು ಬೆಳೆಸಲು ಇದನ್ನು ಹೇಳಬೇಡಿ. ಹಬ್ಬದ ದಿನಕ್ಕೆ ಅದು ಸಲ್ಲುವುದಿಲ್ಲ. ತಿರುಗಿ ಬಂದದ್ದನ್ನು ನೆನೆಯಲು ಹೇಳಿ.

ಎರಡು ಎಚ್ಚರಿಕೆ. ಕತೆ ಒಂದು ಪುಟ ದಾಟಬಾರದು, ಹಸಿದ ಮಕ್ಕಳು ಕಾಯುತ್ತಿರುತ್ತಾರೆ. ಇನ್ನೊಂದು, ಸಾಧನೆಯ ಪಟ್ಟಿ ಮಾಡಬೇಡಿ. ದೊಡ್ಡ ಮನೆ ಕಟ್ಟಿದೆವು, ಇಬ್ಬರು ಇಂಜಿನಿಯರ್ ಆದರು ಎಂದು ಬರೆದರೆ ಅದು ನಮ್ಮ ಹೊಗಳಿಕೆ. ಯಾರು ಕೈಹಿಡಿದರು ಎಂದು ಬರೆದರೆ ಅದು ಕೃತಜ್ಞತೆ. ಪ್ರತಿ ವರ್ಷ ಕೊನೆಗೆ ಒಂದೇ ಒಂದು ಸಾಲು ಸೇರಿಸಿ, ಆ ವರ್ಷದ್ದು.

7ನೇ ತಾರೀಕು: ಅಡುಗೆಮನೆಯ ಲೆಕ್ಕ

ಹಬ್ಬದ ದಿನ ಮೀನು ಮಾಂಸ ಇಲ್ಲ. ತರಕಾರಿ ಪದಾರ್ಥಗಳ ಸಂಖ್ಯೆ ಬೆಸ ಇರಬೇಕು: ಮೂರು, ಐದು, ಏಳು. ಹೊಸ ತರಕಾರಿಗಳ ಕಾಲ ಇದು. ಬೆಂಡೆ, ಹೀರೆ, ಅಲಸಂದೆ, ಹಾಗಲಕಾಯಿಗೆ ಅಂಬಟೆ, ಕೆಸುವಿನ ದಂಟು, ಹರಿವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಬ್ಬಳೇ ಹೆಂಗಸು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂಬತ್ತು ಬಗೆ ಮಾಡಿ, ಎಲ್ಲರೂ ಪ್ರಾರ್ಥನೆ ಮಾಡುವಾಗ ಅವಳು ಒಲೆ ಮುಂದೆ ಬೆವರು ಒರೆಸುತ್ತಿದ್ದರೆ ಆ ಮನೆಯ ಕೃತಜ್ಞತೆ ಪೂರ್ತಿಯಾಗುವುದಿಲ್ಲ. ಮೂರು ಬಗೆ ಮಾಡಿ, ಅವಳೂ ಬಂದು ನಿಲ್ಲಲಿ. ಐದು ಬೇಕೆಂದರೆ ಐದು ಮಂದಿ ಕೈ ಹಾಕಲಿ. 7ರ ಸಂಜೆ ಎಲ್ಲರೂ ಚಾಪೆ ಹಾಸಿ ಕೂತು ತರಕಾರಿ ಹೆಚ್ಚಲಿ. ಗಂಡಸರು ತೆಂಗಿನಕಾಯಿ ಸುಲಿದು, ಒಡೆದು, ತುರಿದು ಕೊಡಲಿ. ಮಕ್ಕಳು ಬಾಳೆಲೆ ಒರೆಸಲಿ.

ಕೆಸು ಹೆಚ್ಚುವವರು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ತುರಿಸುತ್ತದೆ. ಬೇಯಿಸುವಾಗ ಅಂಬಟೆ ಅಥವಾ ಹುಣಸೆ ಹುಳಿ ಧಾರಾಳ ಹಾಕಿ, ಗಂಟಲು ತುರಿಸದ ಹಾಗೆ ಹುಳಿಯೇ ನೋಡಿಕೊಳ್ಳುತ್ತದೆ.

8ರ ಬೆಳಿಗ್ಗೆ: ಇಗರ್ಜಿ

ಬೇಗ ಹೋಗಿ. ತೆನೆ ಆಶೀರ್ವಾದ ಹೆಚ್ಚಾಗಿ ಪೂಜೆಗೆ ಮೊದಲು, ಇಗರ್ಜಿಯ ಹೊರಗೆ ಅಥವಾ ಶಿಲುಬೆಯ ಹತ್ತಿರ ನಡೆಯುತ್ತದೆ. ಆಮೇಲೆ ಮೆರವಣಿಗೆಯಲ್ಲಿ ತೆನೆ ಒಳಗೆ ಬರುತ್ತದೆ. ನಿಮ್ಮ ಬಕೆಟಿನ ತೆನೆಯನ್ನೂ ಮಕ್ಕಳ ಕೈಯಲ್ಲಿ ಕೊಟ್ಟು ಕರೆದುಕೊಂಡು ಹೋಗಿ. ಪೂಜೆ ಮುಗಿದ ಮೇಲೆ ಮನೆಗೊಂದರಂತೆ ತೆನೆ ಹಂಚುತ್ತಾರೆ, ಮಕ್ಕಳಿಗೆ ಕಬ್ಬು ಸಿಗುತ್ತದೆ.

ಪೂಜೆಯಲ್ಲಿ ಒಂದು ಕ್ಷಣವನ್ನು ಗಮನಿಸಲು ಮಕ್ಕಳಿಗೆ ಮೊದಲೇ ಹೇಳಿ. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಯೇಸು ಮೊದಲು ಮಾಡಿದ್ದು ಕೃತಜ್ಞತಾಸ್ತೋತ್ರ. ಮುರಿದದ್ದು, ಕೊಟ್ಟದ್ದು ಆಮೇಲೆ. ಪರಮಪ್ರಸಾದಕ್ಕೆ ಇರುವ ಯೂಖರಿಸ್ತ್ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಕೃತಜ್ಞತೆ. ಮನೆಯಲ್ಲಿ ನಾವು ಮಾಡುವುದೂ ಇದೇ ಕ್ರಮದಲ್ಲಿ: ಹಿಡಿದುಕೊಳ್ಳುವುದು, ಕೃತಜ್ಞತೆ ಹೇಳುವುದು, ಮುರಿಯುವುದು, ಕೊಡುವುದು.

ಬೆಂಗಳೂರಿನಲ್ಲಿದ್ದವರಿಗೆ ಅದೇ ದಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬ. ಜನಸಾಗರ. ಕರಾವಳಿಯವರ ಕೊಂಕಣಿ ಸಂಘಗಳು ಬೇರೆ ಇಗರ್ಜಿಗಳಲ್ಲಿ ತೆನೆ ತರಿಸುವುದೂ ಇದೆ, ಒಂದು ವಾರ ಮೊದಲೇ ವಿಚಾರಿಸಿ.

ಆಲ್ತಾರಿನ ಮುಂದೆ

ಇನ್ನು ಮನೆಯ ಆಲ್ತಾರಿನ (ದೇವರ ಪೀಠದ) ಮುಂದಿನ ಪ್ರಾರ್ಥನೆ. ಇಪ್ಪತ್ತು ನಿಮಿಷ ಸಾಕು. ಅಡುಗೆ ಮುಗಿಸಿ, ಒಲೆ ಆರಿಸಿ, ಎಲ್ಲರೂ ಬಂದು ನಿಂತ ಮೇಲೆಯೇ ಶುರು ಮಾಡಿ.

ತೆನೆಯಿಂದ ಮೊದಲು ಕಾಳು ಬಿಡಿಸಬೇಕು. ಮನೆಯ ಒಬ್ಬೊಬ್ಬರಿಗೂ ಇಷ್ಟು ಎಂದು ಎಣಿಸಿ. ನಮ್ಮಲ್ಲಿ ತಲೆಗೆ ಮೂರು. ಹಸಿ ಕಾಳಿನ ಸಿಪ್ಪೆ ಉಗುರಿನಲ್ಲಿ ಬಿಡಿಸಿದರೆ ಒಳಗಿನ ಹಾಲು ಚೆಲ್ಲಿಹೋಗುತ್ತದೆ. ಕಾವಲಿಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಈ ಕೆಲಸ ನಮ್ಮ ಪಪ್ಪನದು. ಕನ್ನಡಕ ಮೂಗಿನ ತುದಿಗೆ ಜಾರಿರುತ್ತದೆ. ಒಂದೊಂದೇ ಕಾಳು ಎತ್ತಿ, ಊದಿ, ಸ್ಟೀಲ್ ತಟ್ಟೆಗೆ ಹಾಕುತ್ತಾರೆ. ಟಿಣ್ ಎಂದು ಸಣ್ಣ ಸದ್ದು. ಪ್ರತಿ ಸದ್ದಿಗೂ ಒಂದು ಹೆಸರು ಮೆಲ್ಲಗೆ ಹೇಳುತ್ತಾರೆ, ಮಗ, ಸೊಸೆ, ಮೊಮ್ಮಗಳು, ದುಬೈಯಲ್ಲಿರುವ ತಮ್ಮ. ಕಾಳು ನೆಲಕ್ಕೆ ಬಿದ್ದರೆ ಹುಡುಕಿ ಎತ್ತಿಯೇ ಮುಂದಿನದು.

ಎಲ್ಲರ ಕಾಳು ಸೇರಿಸಿ ಕಲ್ಲಿನಲ್ಲಿ ನುಣ್ಣಗೆ ಜಜ್ಜಿ, ಒಂದು ಚಮಚ ತೆಂಗಿನ ಹಾಲಿನಲ್ಲಿ ಕಲಸಿ ವೊರ್ನ್‌ಗೆ ಬೆರೆಸಿಡಿ. ವೊರ್ನ್ ಅಂದರೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ, ಮಾಡುವ ಕ್ರಮ ಮುಂದೆ ಇದೆ. ಒಂದು ಹಿಡಿ ತೆನೆಯನ್ನು ಮಾತ್ರ ಹಾಗೇ ಉಳಿಸಿ, ಹೂವಿನ ಜೊತೆ ತಟ್ಟೆಯಲ್ಲಿಟ್ಟು ಆಲ್ತಾರಿನ ಮುಂದೆ ಇಡಿ. ಹಿರಿಯರು ಮೊಂಬತ್ತಿ ಹಚ್ಚಲಿ. ಶಿಲುಬೆ ಗುರುತು ಹಾಕಿ, ಕೀರ್ತನೆ 67 ಓದಿ. ಚಿಕ್ಕದು, ಬೆಳೆಯ ಮಾತೂ ಇದೆ. ಆಮೇಲೆ ಮನೆಯ ಕತೆ. ಅದನ್ನು ಓದಬೇಕಾದವರು ಓದಲು ಬರುವ ಅತಿ ಚಿಕ್ಕ ಮಗು. ತಡವರಿಸಿದರೂ ಪರವಾಗಿಲ್ಲ.

ನಂತರ ಒಬ್ಬೊಬ್ಬರೂ ಒಂದು ಮಾತು ಹೇಳುವುದು. ಇಲ್ಲಿ ಹದಿಹರೆಯದವರು ಗೋಡೆ ನೋಡುತ್ತಾ ನಿಲ್ಲುತ್ತಾರೆ, ಬೈಯಬೇಡಿ. ಹಿರಿಯರು ಮೊದಲು ಹೇಳಲಿ, ನಿಜವಾದದ್ದನ್ನು ಹೇಳಲಿ. ‘ಆರೋಗ್ಯಕ್ಕೆ ಸ್ತೋತ್ರ’ ಬೇಡ. ‘ಏಪ್ರಿಲ್‌ನಲ್ಲಿ ಬಿದ್ದು ಕಾಲು ಮುರಿದಾಗ ನೀನು ಎರಡು ವಾರ ನನಗೆ ಸ್ನಾನ ಮಾಡಿಸಿದೆ ಮಗಾ, ನಿನ್ನನ್ನು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ’ ಎಂದು ಅಜ್ಜಿ ಹೇಳಿದರೆ ಮುಂದಿನವರಿಗೆ ದಾರಿ ಆಯಿತು. ಮಾತು ಬಾರದವರು ಮೊಂಬತ್ತಿಗೆ ಒಂದು ಹೂ ಇಟ್ಟು ಸುಮ್ಮನಿರಬಹುದು. ಅದೂ ಲೆಕ್ಕಕ್ಕೆ ಬರುತ್ತದೆ.

ಪ್ರಾರ್ಥನೆಗೆ ಸ್ವಂತ ಮಾತು ಬಾರದಿದ್ದರೆ ಇದನ್ನು ಬಳಸಿ:

‘ತಂದೆಯೇ, ಈ ತೆನೆ ನಿನ್ನದು. ಮಳೆ ನಿನ್ನದು, ಮಣ್ಣು ನಿನ್ನದು. ಬಿತ್ತಿದ ಕೈ, ನೆಟ್ಟ ಬೆನ್ನು, ಕೊಯ್ದ ಬೆರಳು ಎಲ್ಲ ನಿನ್ನವು. ನಾವು ಉಣ್ಣುವ ಮೊದಲು ನಿನ್ನ ಮುಂದೆ ತಂದಿದ್ದೇವೆ. ಇಲ್ಲಿ ಇರುವವರನ್ನು ಒಂದಾಗಿ ಇಡು. ದೂರ ಇರುವವರ ಎಲೆ ಖಾಲಿಯಾಗದಿರಲಿ. ನಮ್ಮ ಮನೆಯಲ್ಲಿ ಹಸಿವು ತಿಳಿದವರು ಇದ್ದರು, ಹಸಿದವರನ್ನು ನಾವು ಮರೆಯದ ಹಾಗೆ ಮಾಡು. ಮರಿಯ ಮಾತೆಯೇ, ನಿನ್ನ ಹುಟ್ಟಿದ ದಿನ ನಮ್ಮ ಜೊತೆ ಊಟಕ್ಕೆ ಕೂರು. ಆಮೆನ್.’

ಈಗ ಹಿರಿಯರು ವೊರ್ನ್ ಪಾತ್ರೆ ಹಿಡಿದು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ, ವಯಸ್ಸಿನ ಕ್ರಮದಲ್ಲಿ. ಕೊಡುವಾಗ ಹೆಸರು ಹಿಡಿದು ಕರೆಯಲಿ. ಕಿರಿಯರು ಕೈ ಮುಗಿದು ಬೆಸಾಂವ್ ಕೇಳಲಿ, ಹಿರಿಯರು ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಲಿ. ಆಮೇಲೆ ಎಲೆ ಹಾಕಿ.

ವೊರ್ನ್ ಮಾಡುವ ಕ್ರಮ

ಹತ್ತು ಮಂದಿಗೆ ಕಡ್ಲೆಬೇಳೆ ಅಥವಾ ಹೆಸರುಬೇಳೆ 250 ಗ್ರಾಂ, ಬೆಲ್ಲ 300 ಗ್ರಾಂ, ದೊಡ್ಡ ತೆಂಗಿನಕಾಯಿ ಎರಡು, ಬೆಳ್ತಿಗೆ ಅಕ್ಕಿ ಎರಡು ಚಮಚ, ಏಲಕ್ಕಿ, ಚಿಟಿಕೆ ಉಪ್ಪು. ಅಕ್ಕಿ ನೆನೆಸಿ ನುಣ್ಣಗೆ ಅರೆದಿಡಿ. ತುರಿಯಿಂದ ಮೊದಲ ದಪ್ಪ ಹಾಲು ತೆಗೆದು ಬೇರೆ ಇಡಿ. ಮತ್ತೆ ನೀರು ಹಾಕಿ ಎರಡನೇ ಹಾಲು ತೆಗೆಯಿರಿ. ಬೇಳೆ ಮೊದಲು ನೀರಿನಲ್ಲೇ ಪೂರ್ತಿ ಬೇಯಲಿ, ಬೆಲ್ಲ ಬಿದ್ದ ಮೇಲೆ ಮತ್ತೆ ಬೇಯುವುದಿಲ್ಲ. ಬೆಂದ ಬೇಳೆಗೆ ಎರಡನೇ ಹಾಲು, ಬೆಲ್ಲ, ಉಪ್ಪು ಹಾಕಿ ಕುದಿಸಿ. ಅರೆದ ಅಕ್ಕಿ ಸೇರಿಸಿ, ತಳ ಹಿಡಿಯದ ಹಾಗೆ ಕೈಬಿಡದೆ ತಿರುವಿ. ದಪ್ಪವಾದ ಮೇಲೆ ಉರಿ ಸಣ್ಣ ಮಾಡಿ ಮೊದಲ ಹಾಲು ಹಾಕಿ. ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಇಳಿಸಿ, ಜೋರು ಕುದಿದರೆ ಹಾಲು ಒಡೆಯುತ್ತದೆ. ಏಲಕ್ಕಿ, ಕೊನೆಗೆ ಹೊಸ ಅಕ್ಕಿ.

ದೂರದವರ ಪಾಲು

ಹಿಂದೆ ಬೊಂಬಾಯಿಯ ಮಕ್ಕಳಿಗೆ ಅಂಚೆ ಕವರಿನಲ್ಲಿ ನಾಲ್ಕು ಕಾಳು ಹೋಗುತ್ತಿತ್ತು. ಅಲ್ಲಿ ಅದನ್ನು ಪಾಯಸಕ್ಕೆ ಹಾಕಿ ತಿನ್ನುತ್ತಿದ್ದರು. ಈ ಪದ್ಧತಿ ಬಿಡಬೇಡಿ. ಬಿಡಿಸಿ ಬೆಚ್ಚಗೆ ಮಾಡಿದ ಕಾಳನ್ನು ಕಾಗದದಲ್ಲಿ ಮಡಚಿ, ಮನೆಯ ಕತೆಯ ಒಂದು ಪ್ರತಿ ಜೊತೆ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ವಿದೇಶಕ್ಕೆ ಮಾತ್ರ ಬೇಡ, ಕಾಳು ಬೀಜ ತರುವುದಕ್ಕೆ ಬಹಳ ದೇಶಗಳಲ್ಲಿ ಕಟ್ಟುನಿಟ್ಟು ಇದೆ. ಅವರಿಗೆ ವೀಡಿಯೊ ಕರೆ ಮಾಡಿ. ದುಬೈಯಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್‌ನಲ್ಲಿ ಎರಡೂವರೆ ಗಂಟೆ ಹಿಂದೆ. ಮಧ್ಯಾಹ್ನ ಅವರೆಲ್ಲ ಕೆಲಸದಲ್ಲಿರುತ್ತಾರೆ. ಹಾಗಾಗಿ ನಾವು ಆಲ್ತಾರಿನ ಪ್ರಾರ್ಥನೆ ಮತ್ತು ಹೊಸ ಅಕ್ಕಿ ಊಟವನ್ನು ರಾತ್ರಿಗೆ ಇಟ್ಟುಕೊಂಡಿದ್ದೇವೆ, 9 ಗಂಟೆಗೆ. ಮಧ್ಯಾಹ್ನ ಸಾದಾ ಊಟ. ಅವರ ಪಾಲಿನ ವೊರ್ನ್ ಇಲ್ಲಿ ಯಾರಾದರೂ ಒಬ್ಬರು ಅವರ ಹೆಸರು ಹೇಳಿ ತಿನ್ನುತ್ತಾರೆ.

ಕಷ್ಟದ ವರ್ಷದಲ್ಲಿ

ಸಾವು ಬಂದ ವರ್ಷ, ಕೆಲಸ ಹೋದ ವರ್ಷ, ಅಣ್ಣತಮ್ಮಂದಿರು ಮಾತು ಬಿಟ್ಟ ವರ್ಷ. ಆಗ ಕೃತಜ್ಞತೆ ಹೇಳಿ ಅಂದರೆ ಗಂಟಲು ಕಟ್ಟುತ್ತದೆ. ‘ಎಲ್ಲ ಒಳ್ಳೆಯದಕ್ಕೇ’ ಎಂದು ದಯವಿಟ್ಟು ಯಾರೂ ಹೇಳಬೇಡಿ. ಸಂತ ಪೌಲರು 1 ಥೆಸಲೋನಿಕ 5ರಲ್ಲಿ ಬರೆದದ್ದು ಎಲ್ಲ ಸ್ಥಿತಿಯಲ್ಲೂ ಕೃತಜ್ಞತೆ ಸಲ್ಲಿಸಿ ಎಂದು. ಬಂದ ಕಷ್ಟಕ್ಕೇ ಕೃತಜ್ಞತೆ ಹೇಳಿ ಎಂದಲ್ಲ. ಈ ವ್ಯತ್ಯಾಸ ತುಂಬ ದೊಡ್ಡದು. ಅಂಥ ವರ್ಷ ಹಬಕ್ಕೂಕ 3ರ ಕೊನೆಯ ವಚನಗಳನ್ನು ಓದಿ. ಅಂಜೂರ ಚಿಗುರದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಹಟ್ಟಿ ಖಾಲಿಯಾದರೂ ಎಂದು ಅವನು ಒಂದೊಂದೇ ಎಣಿಸುತ್ತಾನೆ. ಇಲ್ಲದ್ದನ್ನು ಮುಚ್ಚಿಡುವುದಿಲ್ಲ.

ಅಮ್ಮ ತೀರಿಹೋದ ವರ್ಷ ನಮ್ಮಲ್ಲಿ ಪದಾರ್ಥ ಮೂರೇ. ಪಪ್ಪ ಎಂದಿನಂತೆ ಕಾಳು ಎಣಿಸಿದರು. ಅಮ್ಮನ ಮೂರು ಕಾಳಿಗೆ ಬಂದಾಗ ಕೈ ನಿಂತಿತು. ಆಮೇಲೆ ಅದನ್ನೂ ಬಿಡಿಸಿ ತಟ್ಟೆಗೆ ಹಾಕಿದರು. ‘ಐವತ್ತೊಂದು ವರ್ಷ ಜೊತೆಗಿದ್ದಳು’ ಎಂದರು. ಆ ಸಲ ಅವರು ಹೇಳಿದ್ದು ಅದೊಂದೇ ಮಾತು. ಯಾರೂ ಮುಂದೆ ಹೇಳಿ ಎಂದು ಒತ್ತಾಯಿಸಲಿಲ್ಲ.

ಜಗಳ ಇರುವ ಮನೆಗಳಿಗೆ ಒಂದು ಸಲಹೆ: 8ನೇ ತಾರೀಕು ರಾಜಿ ಮಾಡಿಸಲು ಹೋಗಬೇಡಿ. ತೆನೆ ಮಾತ್ರ ಕಳಿಸಿ. ಮಗುವಿನ ಕೈಯಲ್ಲಿ ಒಂದು ತೆನೆ, ಒಂದು ಡಬ್ಬಿ ವೊರ್ನ್. ಮಾತು ಬೇಡ.

ಬಾಗಿಲ ಹೊರಗಿನ ಎಲೆ

ಯಾಜಕಕಾಂಡದ ಅದೇ 23ನೇ ಅಧ್ಯಾಯದಲ್ಲಿ, ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಎಂದಿದೆ. ನಮ್ಮ ಕರಾವಳಿಯಲ್ಲಿ ಇವತ್ತು ನೇಜಿ ನೆಡುವವರು, ತೋಟದ ಕೆಲಸ, ಕಟ್ಟಡದ ಕೆಲಸ ಮಾಡುವವರು ಎಷ್ಟೋ ಮಂದಿ ದೂರದಿಂದ ಬಂದವರು. ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ. ಅವರ ಊರಿನ ಹಬ್ಬಕ್ಕೆ ಅವರು ಮನೆಯಲ್ಲಿ ಇರುವುದಿಲ್ಲ. ಒಂದು ಎಲೆ ಅವರಿಗೆ ಹಾಕಿ. ಪಾರ್ಸೆಲ್ ಕೊಡುವುದಕ್ಕಿಂತ ಸಾಲಿನಲ್ಲಿ ಕೂರಿಸುವುದು ಒಳ್ಳೆಯದು. ಅವರ ಊರಲ್ಲಿ ಹೊಸ ಬೆಳೆಗೆ ಏನು ಮಾಡುತ್ತಾರೆ ಎಂದು ಕೇಳಿ. ಒಂದು ವರ್ಷ ನಮ್ಮ ಜೊತೆ ಉಂಡವರೊಬ್ಬರು ಎಳ್ಳು ಅಮಾವಾಸ್ಯೆಯ ಚರಗದ ಕತೆ ಹೇಳಿದರು, ಹೊಲದ ತುಂಬ ಅನ್ನ ಎರಚುವ ಕತೆ. ಮಕ್ಕಳು ಬಾಯಿ ತೆರೆದು ಕೇಳಿದರು.

ಪಕ್ಕದ ಮನೆಗಳಿಗೂ ವೊರ್ನ್ ಹೋಗಲಿ. ಬೇಸಿಗೆಯಲ್ಲಿ ನಿಮಗೆ ಬಾವಿ ನೀರು ಕೊಟ್ಟವರಿದ್ದರೆ ಅವರಿಗೆ ಮೊದಲು.

ಹಬ್ಬ ಮುಗಿದ ಮೇಲೆ

ಆಶೀರ್ವಾದದ ತೆನೆಯನ್ನು ಕಸಕ್ಕೆ ಹಾಕಬಾರದು. ಆಲ್ತಾರಿನ ಬದಿಯಲ್ಲಿ ಅಥವಾ ಅಕ್ಕಿ ಡಬ್ಬಿಯ ಹಿಡಿಗೆ ಕಟ್ಟಿ. ಹೋದ ವರ್ಷದ್ದನ್ನು ಬಿಚ್ಚಿ ತೋಟದ ಮಣ್ಣಿಗೆ ಸೇರಿಸಿ. ಮನೆಯ ಕತೆಯ ಪುಟಕ್ಕೆ ಈ ವರ್ಷದ ಸಾಲು ಬರೆದು, ತಾರೀಕು ಹಾಕಿ, ಬೈಬಲ್ ಒಳಗೆ ಧರ್ಮೋಪದೇಶಕಾಂಡದಲ್ಲೇ ಇಡಿ. ಮುಂದಿನ ವರ್ಷ ಹುಡುಕುವುದು ಬೇಡ.

ಬಕೆಟಿನಲ್ಲಿ ಎರಡು ತೆನೆ ಕೊಯ್ಯದೆ ಬಿಟ್ಟಿರಿ. ಸೆಪ್ಟೆಂಬರ್ ಕೊನೆಗೆ ಅದು ಬಂಗಾರದ ಬಣ್ಣಕ್ಕೆ ತಿರುಗಿ ಬಾಗುತ್ತದೆ. ಒಣಗಿಸಿ, ಕಾಳು ಬಿಡಿಸಿ, ಕಾಗದದಲ್ಲಿ ಕಟ್ಟಿ, ಮೇಲೆ ‘ಮೇ 15’ ಎಂದು ಮಕ್ಕಳ ಕೈಯಲ್ಲೇ ಬರೆಸಿ ಇಡಿ.